ಅಜ್ಜಿಯರ ಕಡಲಿನ ದಾವೆ

ಸೊಮುಲ್
ಮಾರ್ಚ್ 9, 2003

ಇನ್ಸುಕ್ ಅಕ್ಕನಿಗೆ,

ಎರಡು ವರ್ಷ ಒಂದು ಸಾಲೂ ಗೀಚದವಳು ಈಗೇಕೆ ಬರೆದಳು ಎಂದು ಹುಬ್ಬೇರಿಸಬೇಡ. ನಿನ್ನ ಮೊಮ್ಮಗನ ಮದುವೆಗೂ ನೀನು ಒಸಾಕಾದಿಂದ ಬರಲಿಲ್ಲ ಎಂಬ ಸಿಟ್ಟು ನನಗೆ ಇನ್ನೂ ಇದೆ. ಅದನ್ನು ಇನ್ನೊಂದು ದಿನ ತೀರಿಸಿಕೊಳ್ಳುತ್ತೇನೆ. ನಿನ್ನ ಮಾರುಕಟ್ಟೆಯ ತುಂಬ ನಮ್ಮ ದ್ವೀಪದವರೇ ಇರುವುದರಿಂದ ಇಲ್ಲಿನ ಸುದ್ದಿ ಹೇಗೂ ನಿನ್ನ ಕಿವಿಗೆ ಬೀಳುತ್ತದೆ, ಅದೂ ಕೈಕಾಲು ಮೂಡಿ. ಅದಕ್ಕೇ ನಾನೇ ಮೊದಲು ಹೇಳಿಬಿಡುತ್ತೇನೆ. ನಾನು ಜಿಲ್ಲಾಧಿಕಾರಿಯ ಮೇಲೆ ದಾವೆ ಹೂಡಿದ್ದೇನೆ.

ನಗುತ್ತೀಯಾ? ನಗು. ಊರೆಲ್ಲ ಆಗಲೇ ನಕ್ಕು ಮುಗಿಸಿದೆ.

ಅಜ್ಜಿಯರ ಕಡಲನ್ನು ನೀನು ಮರೆತಿರಲಾರೆ. ಹಳೆಯ ಕಲ್ಲುಗೋಡೆಯಿಂದ ಕರಿಬಂಡೆಯವರೆಗಿನ ಆಳವಿಲ್ಲದ ನೀರು. ದೂರ ಹೋಗಿ ಮುಳುಗಿ ಚಿಪ್ಪು ತೆಗೆಯಲು ಉಸಿರು ಸಾಲದ ಮುದುಕಿಯರಿಗೆಂದೇ ಇರುವ ಜಾಗ. ಎಪ್ಪತ್ತು ತುಂಬದವರು ಅಲ್ಲಿ ಕಾಲಿಡುವಂತಿಲ್ಲ. ಹುಡುಗಿಯರಾಗಿದ್ದಾಗ ನೀನೂ ನಾನೂ ಅಲ್ಲಿನ ಚಿಪ್ಪುಗಳನ್ನು ದಡದಿಂದಲೇ ನೋಡಿ, ಬಾಯಿ ಚಪ್ಪರಿಸಿಕೊಂಡು, ಆಳದ ನೀರಿಗೆ ಹೋಗುತ್ತಿದ್ದೆವು. ಈಗ ನನಗೆ ಎಪ್ಪತ್ಮೂರು. ಅಲ್ಲಿ ಮುಳುಗಲು ಶುರುಮಾಡಿ ಮೂರು ವರ್ಷವಾಗಿದೆ. ಅಷ್ಟರಲ್ಲಿ ಜಿಲ್ಲಾಧಿಕಾರಿ ಅದನ್ನೇ ಕಲ್ಲುಮಣ್ಣು ಸುರಿದು ಮುಚ್ಚಲು ಅನುಮತಿ ಕೊಟ್ಟಿದ್ದಾರೆ. ಶ್ರೀಮಂತರ ವಿಹಾರದೋಣಿಗಳಿಗೆ ಕಟ್ಟೆಯಂತೆ, ಅವರ ಕಾರು ನಿಲ್ಲಿಸಲು ಬಯಲಂತೆ.

ಮೊದಲು ಕೋರ್ಟಿಗೆ ಹೋದವಳು ನಾನಲ್ಲ. ಹಕ್ಕಿ ನೋಡುವ ಮೇಷ್ಟ್ರು, ಬಂದರಿನ ಬಳಿ ಕಾಫಿ ಅಂಗಡಿ ಇಟ್ಟಿರುವ ಸಿಯೋಲ್ ನಗರದ ಹುಡುಗಿ, ಇನ್ನೂ ಕೆಲವರು ಹೋಗಿದ್ದರು. ಒಳ್ಳೆಯ ಜನ. ನ್ಯಾಯಾಧೀಶರು ಅವರನ್ನು ಬಾಗಿಲಿನಿಂದಲೇ ತಿರುಗಿಸಿ ಕಳಿಸಿದರು. ಕಡಲು ಮುಚ್ಚುವುದು ಸರಿಯೋ ತಪ್ಪೋ ಎಂಬ ಮಾತೇ ಅಲ್ಲಿ ಬರಲಿಲ್ಲ. ಇದರಿಂದ ನಿಮ್ಮ ಯಾವ ಹಕ್ಕಿಗೆ ಪೆಟ್ಟು ಬಿತ್ತು ಎಂದು ಕೇಳಿದರಂತೆ. ಕಡಲು ಚೆಂದ, ಹಕ್ಕಿ ಚೆಂದ ಎಂದರೆ ಸಾಲದಂತೆ. ಅಧಿಕಾರಿಯನ್ನು ಕೋರ್ಟಿಗೆ ಎಳೆಯಬೇಕಾದರೆ ಅವನ ಆಜ್ಞೆ ನಿನಗೇ ನೇರವಾಗಿ ತಾಗಿರಬೇಕು, ತಾಗಿದ್ದು ಕಾನೂನು ಕಾಯುವ ಹಕ್ಕಿಗೆ ಆಗಿರಬೇಕು. ಇಲ್ಲದಿದ್ದರೆ ದಾವೆ ಹೂಡುವ ಅರ್ಹತೆಯೇ ಇಲ್ಲ, ಮನೆಗೆ ಹೋಗು ಅನ್ನುತ್ತಾರೆ. ಇದನ್ನು ನನ್ನ ತಲೆಗೆ ಹತ್ತಿಸಲು ವಕೀಲೆ ದಾಮಿಗೆ ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು.

ಈ ದಾಮಿ ಮೇಷ್ಟ್ರ ದಾವೆಯಲ್ಲಿ ಸೋತವಳು. ಸೋತರೂ ಸುಮ್ಮನಿರುವ ಜಾತಿಯಲ್ಲ. ಒಂದು ಬೆಳಿಗ್ಗೆ ನಾನು, ನನ್ನ ಜೊತೆ ಮುಳುಗುವ ದಾಲ್ಯೆ, ಇನ್ನಿಬ್ಬರು, ಹೀಗೆ ನಾವು ನಾಲ್ವರು ಮುದುಕಿಯರು ನೀರಿನಿಂದ ಎದ್ದು ಬರುವಾಗ ದಡದಲ್ಲಿ ಕಾದು ನಿಂತಿದ್ದಳು.

"ಅಜ್ಜಿ, ಮುಳುಗೋರ ಸಂಘದವರು ಒಪ್ಪಿಗೆ ಕೊಟ್ಟಾಗ ನೀವೂ ಸಹಿ ಹಾಕಿದ್ರಾ?"

"ಯಾವ ಸಹಿ? ನಮ್ಮನ್ನ ಯಾರು ಕೇಳ್ತಾರೆ?" ಎಂದೆ.

"ಸಂಘದ ಸಭೆಗೆ ಹೋಗಿರಲಿಲ್ವಾ?"

"ಎಪ್ಪತ್ತಾದ್ಮೇಲೆ ಹೋಗಲ್ಲಮ್ಮ. ಚಳೀಲಿ ಕೂತು ಸೊಂಟ ಹಿಡಿಸ್ಕೋಬೇಡಿ ಅಂತ ನಮ್ಮ ಹೆಸರನ್ನ ಸಂಘದಿಂದ ತೆಗೆದಿದ್ದಾರೆ. ಮರ್ಯಾದೆಗೆ."

"ಹಾಗಾದ್ರೆ ನೀವು ಸಂಘದ ಸದಸ್ಯರೇ ಅಲ್ಲ. ಆದ್ರೂ ದಿನಾ ಇಲ್ಲಿ ಮುಳುಗ್ತೀರಿ."

"ಮುಳುಗದೆ ಮನೇಲಿ ಕೂತು ನೊಣ ಹೊಡೀಲಾ?"

ಹುಡುಗಿ ಒದ್ದೆ ಬಂಡೆಯ ಮೇಲೆ ಕುಳಿತೇಬಿಟ್ಟಳು. ಒಂದು ನೀರನ್ನು ತುಂಬಿಸುವ ಮುಂಚೆ, ಆ ನೀರನ್ನು ನಂಬಿ ಹಿಂದಿನಿಂದ ಬದುಕಿಕೊಂಡು ಬಂದವರ ಒಪ್ಪಿಗೆ ಕೇಳಲೇಬೇಕು ಎಂದು ಕಾನೂನು ಇದೆಯಂತೆ. ಸಂಘದವರ ಸಹಿ ಸಂಘದವರಿಗೆ ಮಾತ್ರ. ನಮ್ಮನ್ನು ಮರ್ಯಾದೆಗೆ ಹೊರಗಿಟ್ಟಿದ್ದರಿಂದ ಜಿಲ್ಲಾಧಿಕಾರಿಯ ಕಚೇರಿಯವರಿಗೆ ನಾವು ಇದ್ದೇವೆ ಎಂಬುದೇ ತಿಳಿಯಲಿಲ್ಲ. ಪೆಟ್ಟು ಬಿದ್ದಿರುವುದು ನಮಗೆ, ಆದ್ದರಿಂದ ಕೇಳುವ ಅರ್ಹತೆಯೂ ನಮಗೇ ಎಂದು ದಾಮಿಯ ವಾದ. ಉಳಿದ ಮೂವರು ಹೆಬ್ಬೆಟ್ಟು ಒತ್ತಿದರು. ನಾನು ಮಾತ್ರ ಹೆಸರು ಬರೆದೆ.

ಸಂಘದ ಅಧ್ಯಕ್ಷೆ ಬೊಂಗ್ಜಾ ಎಂಬುದು ನಿನಗೆ ಗೊತ್ತೇ ಇದೆ. ಒಪ್ಪಿಗೆಗೆ ಸಹಿ ಹಾಕಿದವಳೂ ಅವಳೇ.

ನಿನ್ನ
ಮಾಲ್ಸುನ್


ಒಸಾಕಾ
ಏಪ್ರಿಲ್ 2, 2003

ಮಾಲ್ಸುನ್,

ನಾನು ನಗಲಿಲ್ಲ. ಕಾಗದ ಬಂದಾಗ ಅಂಗಡಿಯಲ್ಲಿ ಮೂಲಂಗಿಗೆ ಉಪ್ಪು ಹಾಕುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಎರಡು ಸಲ ಉಪ್ಪು ಬಿದ್ದಿತ್ತು. ಅಷ್ಟನ್ನೂ ಚೆಲ್ಲಿದೆ.

ಕಡಲು, ಕಾನೂನು, ಮೇಷ್ಟ್ರು, ಹಕ್ಕಿ ಎಲ್ಲವನ್ನೂ ಮುಂದೆ ಹರಡಿ, ನನ್ನ ಮಗಳನ್ನು ಮಾತ್ರ ಬಾಲದಲ್ಲಿ ಸಿಕ್ಕಿಸಿದ್ದೀಯ. ನಾನೇನು ಪೆದ್ದಿಯಾ? ಜಿಲ್ಲಾಧಿಕಾರಿಯ ಮೇಲೆ ದಾವೆ ಅನ್ನುತ್ತೀಯ. ಜಿಲ್ಲಾಧಿಕಾರಿ ನಾಳೆ ವರ್ಗವಾಗಿ ಹೋಗುತ್ತಾನೆ. ಊರಿನಲ್ಲಿ ಉಳಿಯುವವಳು ಬೊಂಗ್ಜಾ. ಮುದುಕಿಯರ ಕಡಲನ್ನು ಮಾರಿದವಳು ಎಂದು ಎಲ್ಲರೂ ಬೆಟ್ಟು ಮಾಡಿ ತೋರಿಸುವುದು ಅವಳನ್ನೇ.

ಹೊಸ ವರ್ಷಕ್ಕೆ ಫೋನ್ ಮಾಡಿದ್ದಳು. ವರ್ಷಕ್ಕೊಂದು ಫೋನು, ಎರಡು ಮಾತು, ಆರೋಗ್ಯ ಹೇಗಿದೆ, ಇಡುತ್ತೇನೆ. ಈ ಸಲ ಮೂರನೆಯ ಮಾತೊಂದು ಬಂತು. ಕಟ್ಟೆ ಆದರೆ ಮಗನಿಗೆ ಅಲ್ಲಿ ಕೆಲಸ ಸಿಗುತ್ತದೆ, ಬೂಸಾನ್ ಬಿಟ್ಟು ಹೆಂಡತಿಯ ಜೊತೆ ಊರಿಗೆ ಬರುತ್ತಾನೆ ಎಂದಳು. ಅವಳ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಕೇಳಿಯೇ ಇರಲಿಲ್ಲ. ಊರಿನಲ್ಲಿ ಮುಳುಗುವ ಹುಡುಗಿಯರೇ ಇಲ್ಲ ಎಂದು ನೀನೇ ಗೋಳಾಡುತ್ತಿದ್ದೆ. ಹಾಗಿದ್ದ ಮೇಲೆ ಆ ನೀರನ್ನು ಯಾರಿಗೆಂದು ಕಾಯುತ್ತೀಯ? ನೀನೂ ದಾಲ್ಯೆಯೂ ಮುಳುಗುವುದು ಹೆಚ್ಚೆಂದರೆ ಇನ್ನು ನಾಲ್ಕು ವರ್ಷ. ಸೊಂಟ ಬೇರೆ ನೆಟ್ಟಗಿಲ್ಲ.

ದಾವೆ ಹಿಂತೆಗೆದುಕೋ. ನನ್ನ ಮಗಳಿಗಾಗಿ ಕೇಳುತ್ತಿದ್ದೇನೆ.

ಇನ್ಸುಕ್


ಸೊಮುಲ್
ಮೇ 20, 2003

ಅಕ್ಕ,

ಮಗಳಿಗಾಗಿ ಕೇಳುತ್ತೀಯಾ? ಕೇಳಲು ನೀನು ಯಾರು?

ಹನ್ನೊಂದು ವರ್ಷದ ಹುಡುಗಿಯನ್ನು ನನ್ನ ಬಾಗಿಲಲ್ಲಿ ನಿಲ್ಲಿಸಿ ದೋಣಿ ಹತ್ತಿದೆ. ದುಡಿದು ಕಳಿಸಿದೆ, ಇಲ್ಲ ಅನ್ನುವುದಿಲ್ಲ. ಅವಳಿಗೆ ಉಸಿರು ಬಿಗಿಹಿಡಿಯುವುದನ್ನು ಕಲಿಸಿದ್ದು ನಾನು. ಮೊದಲ ಸಲ ನೀರು ಕುಡಿದಾಗ ತಲೆಕೆಳಗು ಮಾಡಿ ಬೆನ್ನು ಬಡಿದದ್ದು ನಾನು. ಮದುವೆಯ ದಿನ ಜಡೆ ಎತ್ತಿ ಕಟ್ಟಿದ್ದು ನಾನು. ಅವಳ ಕಡೆ ಬೆರಳು ತೋರಿಸುವವರ ಬೆರಳು ಮುರಿಯಲು ನಾನಿದ್ದೇನೆ. ನ್ಯಾಯಾಧೀಶರ ಮಾತಿನಲ್ಲಿ ಹೇಳುವುದಾದರೆ, ಬೊಂಗ್ಜಾಳ ಪರವಾಗಿ ವಾದಿಸಲು ನಿನಗೆ ಅರ್ಹತೆಯೇ ಇಲ್ಲ.

ಅವಳು ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಆದರೂ ನಾನು ನೀರಿನಿಂದ ಎದ್ದರೆ ಬಲೆಚೀಲ ಕಿತ್ತುಕೊಂಡು, ಏರು ಹತ್ತಿಸಿ, ಬಾಗಿಲಲ್ಲಿಟ್ಟು ಹೋಗುತ್ತಾಳೆ. ತಿರುಗಿಯೂ ನೋಡುವುದಿಲ್ಲ.

ಮೊದಲ ವಿಚಾರಣೆ ಆಯಿತು. ಕಚೇರಿಯ ವಕೀಲರು ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ಜೇನು ಸುರಿಯುವ ದನಿಯಲ್ಲಿ ಹೊಗಳಿದರು. ಈ ಹಿರಿಯರನ್ನು ಕಂಡರೆ ಸಂಘಕ್ಕೆ ಎಷ್ಟು ಪ್ರೀತಿ ನೋಡಿ, ದೊಡ್ಡ ಮನಸ್ಸು ಮಾಡಿ ಒಂದಿಷ್ಟು ನೀರು ಬಿಟ್ಟುಕೊಟ್ಟಿದೆ ಎಂದರು. ಪ್ರೀತಿಯಿಂದ ಕೊಟ್ಟದ್ದು ಹಕ್ಕಾಗುವುದಿಲ್ಲ, ಕೊಟ್ಟವರು ಬೇಕಾದಾಗ ವಾಪಸ್ಸು ಪಡೆಯಬಹುದು, ಹಾಗಾಗಿ ಇವರಿಗೆ ದಾವೆ ಹೂಡುವ ಅರ್ಹತೆ ಇಲ್ಲ ಎಂದು ಮುಗಿಸಿದರು.

ಎಂಟನೆಯ ವಯಸ್ಸಿನಿಂದ ಕಡಲಲ್ಲಿ ಬಿದ್ದು ಎದ್ದವಳು ನಾನು, ಭಿಕ್ಷೆ ಎತ್ತುವವಳಾಗಿಬಿಟ್ಟೆ. ಕೋರ್ಟಿನಿಂದ ಬರುವಾಗ ಬಸ್ಸಿನಲ್ಲಿ ದಾಲ್ಯೆ ಅತ್ತಳು. ನಾನು ಅಳಲಿಲ್ಲ, ಹಲ್ಲು ಕಡಿದೆ. ದಾವೆ ಹಿಂತೆಗೆಯುವುದಿಲ್ಲ.

ಮಾಲ್ಸುನ್


ಸೊಮುಲ್
ಸೆಪ್ಟೆಂಬರ್ 14, 2003

ಅಕ್ಕ,

ನಿನ್ನ ಉತ್ತರವಿಲ್ಲ. ಬರೆದ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳುವವಳಲ್ಲ, ಅದು ನಿನಗೂ ಗೊತ್ತು. ಆದರೆ ಅಂಚೆಯವನು ಸೈಕಲ್ಲಿನಿಂದ ಇಳಿಯದೆ ಮುಂದೆ ಹೋದಾಗಲೆಲ್ಲ ಮನಸ್ಸು ಚುರ್ ಎನ್ನುತ್ತದೆ. ಇಷ್ಟನ್ನು ಬರೆದರೆ ನನ್ನ ಮರ್ಯಾದೆ ಏನೂ ಹೋಗುವುದಿಲ್ಲ.

ನಾಲ್ವರಲ್ಲಿ ಇಬ್ಬರು ಹಿಂದೆ ಸರಿದರು. ಒಬ್ಬಳ ಅಳಿಯ ಕಚೇರಿಯಲ್ಲಿ ಗುಮಾಸ್ತ, ಇನ್ನೊಬ್ಬಳ ಮಗನದ್ದು ಕಲ್ಲು ಸಾಗಿಸುವ ಲಾರಿ. ಅವರನ್ನು ದೂರಿ ಏನು ಪ್ರಯೋಜನ? ಈಗ ನಾನು ಮತ್ತು ದಾಲ್ಯೆ. ನಾವು ಮುಳುಗುವುದನ್ನು ನಿಲ್ಲಿಸಿದರೆ ದಾವೆಯೂ ಬಿದ್ದುಹೋಗುತ್ತದೆಯಂತೆ. ಮುಳುಗದವಳಿಗೆ ಎಲ್ಲಿಯ ನಷ್ಟ ಎಂದು ಕೇಳುತ್ತಾರಂತೆ. ಅದಕ್ಕೇ ಸೊಂಟಕ್ಕೆ ಬಟ್ಟೆ ಬಿಗಿದುಕೊಂಡು ದಿನವೂ ಇಳಿಯುತ್ತಿದ್ದೇನೆ. ಕೆಲವು ದಿನ ಚೀಲದಲ್ಲಿ ಬರೀ ಪಾಚಿ.

ಹೋದ ವಾರ ನ್ಯಾಯಾಧೀಶರು ಜಾಗ ನೋಡಲು ಬಂದಿದ್ದರು. ಮಿರಮಿರ ಮಿಂಚುವ ಬೂಟು ಹಾಕಿಕೊಂಡು ಬಂಡೆಯ ಮೇಲೆ ನಡೆದರೆ ಏನಾಗಬೇಕೋ ಅದೇ ಆಯಿತು. ನಾನೂ ದಾಲ್ಯೆಯೂ ಆಚೀಚೆ ರಟ್ಟೆ ಹಿಡಿದು ಎತ್ತಿದೆವು. ಅವರು ಸಿಟ್ಟಾಗಲಿಲ್ಲ, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ನಾನು ಮುಳುಗಿ ತೋರಿಸಿದೆ. ಮೇಲೆ ಬಂದಾಗ ಕಚೇರಿಯ ವಕೀಲರು ನಗುತ್ತಾ ಹೇಳುತ್ತಿದ್ದುದು ಕೇಳಿಸಿತು.

"ಈ ವಯಸ್ಸಲ್ಲಿ ಇದು ಆರೋಗ್ಯಕ್ಕೆ ಒಳ್ಳೇ ಹವ್ಯಾಸ, ಸ್ವಾಮಿ."

"ನೀವೂ ಬನ್ನಿ, ಆರೋಗ್ಯ ಚೆನ್ನಾಗಾಗುತ್ತೆ," ಎಂದಳು ದಾಲ್ಯೆ. "ವಾಪಸ್ ಮೇಲೆ ಬರೋ ಜವಾಬ್ದಾರಿ ಮಾತ್ರ ನಮ್ಮದಲ್ಲ."

ನ್ಯಾಯಾಧೀಶರು ಕೆಮ್ಮಿದಂತೆ ಮಾಡಿ ಆ ಕಡೆ ತಿರುಗಿದರು. ಆದರೂ ಅಕ್ಕ, ನಮಗೆ ಭಯವಾಗಿದೆ. ಮುಂದಿನ ವಿಚಾರಣೆಗೆ ಕಚೇರಿಯವರು ಬೊಂಗ್ಜಾಳನ್ನು ತಮ್ಮ ಸಾಕ್ಷಿಯಾಗಿ ಕರೆದಿದ್ದಾರೆ. ಆ ನೀರು ಸಂಘ ಕೊಟ್ಟ ದಾನ ಎಂದು ಅವಳು ಹೇಳಿದರೆ ನಮ್ಮ ಕಥೆ ಅಲ್ಲಿಗೆ ಮುಗಿಯಿತು ಎಂದು ದಾಮಿಯೇ ಹೇಳುತ್ತಾಳೆ.

ಮಾಲ್ಸುನ್


ಒಸಾಕಾ
ಅಕ್ಟೋಬರ್ 11, 2003

ಮಾಲ್ಸುನ್,

ನಿನ್ನ ಮೇ ತಿಂಗಳ ಕಾಗದ ಮಡಿಕೆಯಲ್ಲಿ ಹರಿದುಹೋಗಿದೆ. ಅಷ್ಟು ಸಲ ಓದಿದೆ. ಮೊದಮೊದಲು ಉತ್ತರ ಹೊಳೆಯುತ್ತಿತ್ತು, ಒಂದಕ್ಕಿಂತ ಒಂದು ಖಾರವಾಗಿ. ಆಮೇಲೆ ಒಂದೂ ಹೊಳೆಯಲಿಲ್ಲ. ನೀನು ಬರೆದದ್ದು ನಿಜ.

ಬೊಂಗ್ಜಾಳಿಗೆ ಕಾಗದ ಬರೆದೆ. ಇಷ್ಟು ವರ್ಷ ಬರೆದದ್ದೆಲ್ಲ ಅದು ಮಾಡು, ಇದು ಮಾಡಬೇಡ, ಹಣ ಕಳಿಸಿದ್ದೇನೆ ಎಂಬುದೇ. ಈ ಸಲ ಏನನ್ನೂ ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಅಷ್ಟೆ. ಏನು ಕೇಳಿದೆ ಎಂದು ನೀನು ಕೇಳಬಾರದು. ನಿನ್ನ ದಾವೆಯ ವಿಷಯವಲ್ಲ. ಅವಳಿಂದ ಇನ್ನೂ ಉತ್ತರ ಬಂದಿಲ್ಲ.

ಸೊಂಟಕ್ಕೆ ನೋವಿನ ಪಟ್ಟಿಗಳನ್ನು ಕಳಿಸಿದ್ದೇನೆ. ಬಿಸಿಬಿಸಿ ಎನಿಸಿದರೆ ಹೆದರಿ ಕಿತ್ತು ಹಾಕಬೇಡ, ಅದು ಇರುವುದೇ ಹಾಗೆ. ದಾಲ್ಯೆಗೂ ಕೊಡು. ಉಸಿರು ಮುಗಿಯುವ ಮೊದಲೇ ಮೇಲೆ ಬಾ. ಇನ್ನೂ ಒಂದು ಚಿಪ್ಪು ಎಂದು ಕೈ ಚಾಚುವ ಚಾಳಿ ನಿನಗೆ ಮೊದಲಿನಿಂದಲೂ ಇದೆ.

ಇನ್ಸುಕ್


ಸೊಮುಲ್
ಡಿಸೆಂಬರ್ 5, 2003

ನನ್ನ ಇನ್ಸುಕ್ ಅಕ್ಕ,

ನಿನ್ನೆ ನಡೆದದ್ದನ್ನು ಒಂದೂ ಬಿಡದೆ ಹೇಳುತ್ತೇನೆ.

ಬೊಂಗ್ಜಾ ಮಗನ ಮದುವೆಗೆ ಹೊಲಿಸಿದ ಕರಿ ಕೋಟು ತೊಟ್ಟು ಬಂದಿದ್ದಳು. ನನ್ನನ್ನು ನೋಡಲಿಲ್ಲ. ಕಚೇರಿಯ ವಕೀಲರು ಎದ್ದರು.

"ಅಜ್ಜಿಯರ ಕಡಲು ಅನ್ನೋದು ಸಂಘದ ಯಾವ ನಿಯಮದಲ್ಲಾದ್ರೂ ಬರೆದಿದೆಯಾ?"

"ಇಲ್ಲ."

"ಹಾಗಾದ್ರೆ ಅದು ವಯಸ್ಸಾದವರು ಪಾಪ ಅಂತ ಸಂಘ ಬಿಟ್ಟಿರೋ ಜಾಗ, ಅಲ್ವಾ?"

"ಹಿರಿಯರು ಅಂತ ಬಿಟ್ಟಿರೋದು, ಹೌದು."

ಅವರು ಟೈ ಸರಿಪಡಿಸಿಕೊಂಡು ಕುಳಿತರು. ದಾಲ್ಯೆ ನನ್ನ ತೊಡೆ ಚಿವುಟಿ, "ಮುಗೀತು ಕಣೇ, ಬಸ್ ಹಿಡಿಯೋಣ ನಡಿ," ಎಂದಳು. ಆಗ ನಮ್ಮ ದಾಮಿ ಎದ್ದಳು. ಮದುವೆಮನೆಯಲ್ಲಿ ಎದುರಾದವರಂತೆ ನಗುನಗುತ್ತಾ ಮಾತಿಗಿಳಿದಳು.

"ಅಧ್ಯಕ್ಷೆಯವರೇ, ಈ ದ್ವೀಪದಲ್ಲಿ ನಿಮ್ಮಷ್ಟು ಆಳಕ್ಕೆ ಇಳಿಯೋರು ಯಾರಿದ್ದಾರೆ?"

"ಯಾರೂ ಇಲ್ಲ," ಎಂದಳು ನಿನ್ನ ಮಗಳು. ಅವಳಿಗೆ ಸಂಕೋಚ ಎಂಬುದು ಹತ್ತಿರ ಸುಳಿದಿಲ್ಲ.

"ಅಜ್ಜಿಯರ ಕಡಲಲ್ಲಿ ಚಿಪ್ಪು ಚೆನ್ನಾಗಿವೆಯಾ?"

"ಅಂಗೈ ಅಗಲ ಇವೆ. ಈ ಮುದುಕಿಯರಿಗೆ ಕಣ್ಣು ಕಾಣಲ್ಲ, ಅರ್ಧ ಅಲ್ಲೇ ಬಿಟ್ಟು ಬರ್ತಾರೆ."

"ಯಾರಿಗೇ ಕಣ್ಣು ಕಾಣದೇ ಇರೋದು?" ದಾಲ್ಯೆ ಎದ್ದು ನಿಂತೇಬಿಟ್ಟಳು. ಕೋರ್ಟಿನ ಸಿಪಾಯಿ ಭುಜ ಹಿಡಿದು ಕೂರಿಸಿದ.

"ನೀವು ಯಾವತ್ತಾದ್ರೂ ಅಲ್ಲಿಂದ ಒಂದು ಚಿಪ್ಪು ತೆಗೆದಿದ್ದೀರಾ?" ದಾಮಿ ಕೇಳಿದಳು.

"ಇಲ್ಲ."

"ಯಾಕೆ? ಬಿಟ್ಟುಕೊಟ್ಟೋರು ನೀವೇ ಅಂದ್ರಲ್ಲ. ಬೇಕಾದಾಗ ತಗೋಬಹುದಲ್ವಾ?"

"ತಗೊಂಡು ನೋಡಿ, ಗೊತ್ತಾಗುತ್ತೆ. ಚಿಕ್ಕಮ್ಮ ನನ್ನನ್ನ ಜೀವಸಹಿತ ಬಿಡ್ತಾರಾ?" ಎಂದು ನನ್ನ ಕಡೆ ಗದ್ದ ತೋರಿಸಿದಳು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಕಚೇರಿಯ ವಕೀಲರೂ ನಕ್ಕರು, ಪಾಪ, ಅವರಿಗಿನ್ನೂ ಹೊಳೆದಿರಲಿಲ್ಲ.

ನ್ಯಾಯಾಧೀಶರು ಮಾತ್ರ ನಗಲಿಲ್ಲ. ಮುಂದಕ್ಕೆ ಬಾಗಿ ತಾವೇ ಕೇಳಿದರು.

"ಸಂಘದೋರೆಲ್ಲ ಸೇರಿ, ನಾಳೆಯಿಂದ ನಾವೂ ಅಲ್ಲಿ ಮುಳುಗೋಣ ಅಂತ ತೀರ್ಮಾನ ಮಾಡಿದ್ರೆ?"

ಬೊಂಗ್ಜಾ ತನ್ನ ಕೈಗಳನ್ನೇ ನೋಡುತ್ತಾ ನಿಂತಳು. ನೀರಿನಡಿ ಹೋದ ಅವಳು ಮೇಲೆ ಬರುವುದನ್ನು ಕಾಯುವಾಗಿನಂತೆ ನಾನೂ ಉಸಿರು ಹಿಡಿದುಬಿಟ್ಟೆ. ಕೊನೆಗೆ ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು. ದಾವೆ ಶುರುವಾದ ಮೇಲೆ ಅದೇ ಮೊದಲು.

"ಮಾಡೋಕಾಗಲ್ಲ ಸ್ವಾಮಿ. ಅದು ನಮ್ಮದಲ್ಲ."

"ಮತ್ತೆ ಯಾರದ್ದು?"

"ಅಜ್ಜಿಯರದ್ದು. ನಮ್ಮಮ್ಮಂದಿರು ಹುಟ್ಟೋಕೆ ಮುಂಚಿನಿಂದ್ಲೂ ಅವರದ್ದೇ. ಅದಕ್ಕೆ ಸಂಘದ ಹೆಸರಲ್ಲಿ ನಾನು ಹೇಗೆ ಸಹಿ ಹಾಕಿದೆ ಅನ್ನೋದೇ ಈಗ ಅರ್ಥ ಆಗ್ತಿಲ್ಲ."

ಕಚೇರಿಯ ವಕೀಲರ ಮುಖ ನೋಡಬೇಕಿತ್ತು ನೀನು! ಕರೆತಂದ ಸಾಕ್ಷಿಯೇ ಕಾಲ ಕೆಳಗಿನ ಚಾಪೆ ಎಳೆದಿದ್ದಳು. ದಾಮಿ ಇನ್ನೇನೂ ಕೇಳದೆ ಸುಮ್ಮನೆ ಕುಳಿತುಬಿಟ್ಟಳು. ಆ ಹುಡುಗಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತು.

ಹೊರಗೆ ಮೆಟ್ಟಿಲ ಮೇಲೆ ಬೊಂಗ್ಜಾ ನನಗಾಗಿ ಕಾದಿದ್ದಳು.

"ಚಿಕ್ಕಮ್ಮ, ಊಟ ಆಯ್ತಾ?"

ಇಷ್ಟು ತಿಂಗಳ ಮೇಲೆ ಮೊದಲ ಮಾತು. ನನಗೆ ಅಳು ಬಂತು. ಕೋರ್ಟಿನ ಎದುರಿಗೇ ಹಂದಿಸಾರಿನ ಶಾವಿಗೆ ಮಾರುವ ಅಂಗಡಿಯಿದೆ, ಅಲ್ಲಿಗೆ ಕರೆದುಕೊಂಡು ಹೋದಳು. ತನ್ನ ಬಟ್ಟಲಿನ ಮಾಂಸವನ್ನೆಲ್ಲ ಎತ್ತಿ ನನ್ನದಕ್ಕೆ ಹಾಕಿದಳು.

"ಯಾಕೆ ಹಾಗಂದೆ?" ಎಂದು ಕೇಳಿದೆ.

"ಅವರು ಕೇಳಿದ್ರು, ಹೇಳಿದೆ. ಸಾರು ಆರ್ಹೋಗುತ್ತೆ, ತಿನ್ನು."

"ನಿನ್ನ ಮಗನ ಕೆಲಸ?"

"ಕೈಕಾಲು ಗಟ್ಟಿ ಇವೆಯಲ್ಲ ಅವನಿಗೆ? ಬೇರೆ ಹುಡುಕೋಣ ಬಿಡು."

ಅಕ್ಕ, ನೀನು ಅವಳಿಗೆ ಏನು ಬರೆದೆಯೋ, ಅದಕ್ಕೂ ಇದಕ್ಕೂ ನಂಟಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಡ ಎಂದಿದ್ದೀಯ, ಕೇಳುವುದಿಲ್ಲ. ತೀರ್ಪು ಫೆಬ್ರವರಿಯಲ್ಲಿ.

ನಿನ್ನ
ಮಾಲ್ಸುನ್


ಒಸಾಕಾ
ಜನವರಿ 3, 2004

ಮಾಲ್ಸುನ್,

ಹೊಸ ವರ್ಷದ ಫೋನು ಬಂತು. ಎರಡು ಮಾತಲ್ಲ. ಒಲೆಯ ಮೇಲಿಟ್ಟಿದ್ದ ಅಕ್ಕಿಹಿಟ್ಟಿನ ಸಾರು ತಳ ಹತ್ತಿ, ಹೊಗೆ ಎದ್ದು, ಪಕ್ಕದ ಮನೆಯವಳು ಬಾಗಿಲು ಬಡಿಯುವವರೆಗೆ ಮಾತಾಡಿದೆವು. ಅವಳನ್ನು ಬಿಟ್ಟು ಬಂದ ದಿನದ ಬಗ್ಗೆ ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಟಳು. ಉತ್ತರ ಸಿಹಿಯಾಗಿಯೇನೂ ಇರಲಿಲ್ಲ, ಆದರೆ ಪೂರ್ತಿ ಹೇಳಿದಳು, ನಾನು ಪೂರ್ತಿ ಕೇಳಿಸಿಕೊಂಡೆ. ಆಮೇಲೆ ಇಬ್ಬರೂ ಅತ್ತೆವು. ಮಾತಿನ ಕೊನೆಗೆ, ಯಾವಾಗ ಬರುತ್ತೀಯ ಎಂದಳು.

ಸುಟ್ಟ ಪಾತ್ರೆಯನ್ನು ಇನ್ನೂ ತಿಕ್ಕುತ್ತಿದ್ದೇನೆ. ತಿಕ್ಕುತ್ತಾ ಹಾಡುತ್ತಿದ್ದೇನೆ ಎಂದು ಪಕ್ಕದವಳು ದೂರು ಕೊಟ್ಟಿದ್ದಾಳೆ.

ಗೆಲ್ಲು. ನಿನಗಾಗಿ ಅಲ್ಲ, ನನಗಾಗಿ ಹೇಳುತ್ತಿದ್ದೇನೆ. ಬರುವಾಗ ಅಲ್ಲಿ ಕಡಲು ಇರಬೇಕು.

ನಿನ್ನ
ಇನ್ಸುಕ್


ಸೊಮುಲ್
ಫೆಬ್ರವರಿ 19, 2004

ಅಕ್ಕ,

ಗೆದ್ದೆವು! ಗೆದ್ದೆವು, ಗೆದ್ದೆವು, ಗೆದ್ದೆವು!

ತೀರ್ಪನ್ನು ಓದುವಾಗ ಮೊದಲ ಅರ್ಧ ನನಗೆ ತಿಳಿಯಲಿಲ್ಲ. ದಾಮಿಯ ಮುಖವನ್ನೇ ನೋಡುತ್ತಿದ್ದೆ. ನ್ಯಾಯಾಧೀಶರು ನನ್ನ ಮತ್ತು ದಾಲ್ಯೆಯ ಹೆಸರನ್ನು ಪೂರ್ತಿಯಾಗಿ ಓದಿದರು. ಈ ಇಬ್ಬರು ಯಾರ ಕೃಪೆಯಿಂದಲೂ ಆ ನೀರಿಗೆ ಇಳಿಯುತ್ತಿಲ್ಲ, ಅದು ಅವರಿಗಿರುವ ಹಕ್ಕು, ಸಂಘವೂ ಅದನ್ನು ಮುಟ್ಟುವಂತಿಲ್ಲ ಎಂದು ಸಂಘದ ಅಧ್ಯಕ್ಷೆಯೇ ಹೇಳಿದ್ದಾರೆ, ಆದ್ದರಿಂದ ವಾದಿಗಳಿಗೆ ದಾವೆ ಹೂಡುವ ಅರ್ಹತೆ ಇದೆ ಎಂದರು. ಅಲ್ಲಿ ದಾಮಿ ಕಣ್ಣು ಮುಚ್ಚಿಕೊಂಡಳು. ಬಾಗಿಲು ತೆರೆದಿತ್ತು. ಬಾಗಿಲು ತೆರೆದ ಮೇಲೆ ಉಳಿದದ್ದಕ್ಕೆ ಹೊತ್ತು ಹಿಡಿಯಲಿಲ್ಲ. ಕೇಳಬೇಕಾದವರನ್ನು ಕೇಳದೆ ಕೊಟ್ಟ ಅನುಮತಿ ರದ್ದು.

ಬಸ್ಸಿನಲ್ಲಿ ದಾಲ್ಯೆ ಹಾಡು ಎತ್ತಿದಳು. ದೋಣಿ ಹುಟ್ಟು ಹಾಕುವಾಗಿನ ಹಳೆಯ ಹಾಡು. ಡ್ರೈವರ್ ಬೈಯುತ್ತಾನೆ ಅಂದುಕೊಂಡರೆ ಅವನೇ ಹಾರ್ನ್ ಹೊಡೆದು ತಾಳ ಹಾಕಿದ. ಹಕ್ಕಿಯ ಮೇಷ್ಟ್ರು ನಿಲ್ದಾಣದಲ್ಲಿ ಕಾದಿದ್ದರು, ಎರಡೂ ಕೈ ಮುಗಿದು ಸೊಂಟದವರೆಗೆ ಬಾಗಿದರು. ಸರಿದು ಹೋಗಿದ್ದ ಇಬ್ಬರು ಮುದುಕಿಯರೂ ಕಡಲಪಾಚಿಯ ಸಾರು ಮಾಡಿಕೊಂಡು ಬಂದು ನನ್ನ ಅಂಗಳದಲ್ಲಿ ಕುಳಿತಿದ್ದರು. ನಾನು ಒಂದು ಮಾತೂ ಚುಚ್ಚಲಿಲ್ಲ. ದಾಲ್ಯೆ ಚುಚ್ಚಿದಳು.

ಮಾಲ್ಸುನ್


ಸೊಮುಲ್
ಮೇ 16, 2004

ಅಕ್ಕ,

ನೀನು ಮುಂದಿನ ತಿಂಗಳ ಹಡಗಿಗೆ ಚೀಟಿ ಕೊಂಡಿದ್ದೀಯ ಎಂದು ಬೊಂಗ್ಜಾ ಹೇಳಿದಳು. ನಿನಗೆ ಹಾಸಿಗೆ ಅವಳ ಮನೆಯಲ್ಲಿ. ನನ್ನ ಮನೆಯಲ್ಲಿ ಎಂದು ನಾನು ಹಟ ಹಿಡಿದೆ. ಜಗಳವಾಗಿ ಸೋತೆ.

ಈ ವಾರದ ಸುದ್ದಿ ನೀನು ಬರುವವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗದು. ಕಚೇರಿಯವರು ಮೇಲಿನ ಕೋರ್ಟಿಗೆ ಹೋಗಲಿಲ್ಲ. ಅದರ ಬದಲು ಹೊಸದಾಗಿ ಅನುಮತಿ ಬರೆಯಲು ಹೊರಟರು. ಹಾಗೆ ಬರೆಯಬೇಕಾದರೆ ಈಗ ನಮ್ಮ ಒಪ್ಪಿಗೆ ಬೇಕೇ ಬೇಕು. ಗುರುವಾರ ಬೆಳಿಗ್ಗೆ ನಾವು ನಾಲ್ವರೂ ಬೆಂಕಿಕಟ್ಟೆಯಲ್ಲಿ ಮೈ ಕಾಯಿಸುತ್ತಿದ್ದಾಗ, ಕಲ್ಲಿನ ಸುತ್ತುಗೋಡೆಯಾಚೆ ಕಾರು ನಿಂತ ಸದ್ದಾಯಿತು. ಬೊಂಗ್ಜಾ ಮುಂದೆ, ಅವಳ ಹಿಂದೆ ಸೇಬಿನ ಪೆಟ್ಟಿಗೆ ಹಿಡಿದುಕೊಂಡು ಸಾಕ್ಷಾತ್ ಜಿಲ್ಲಾಧಿಕಾರಿ!

ಹೊಗೆ ಬೀಸುವ ಕಡೆ ಕೂರುವುದು ಹೊಸದಾಗಿ ಮುಳುಗಲು ಬಂದ ಹುಡುಗಿಯರು ಎಂದು ನಿನಗೆ ಗೊತ್ತಲ್ಲ. ಬೊಂಗ್ಜಾ ಅವರನ್ನು ಬಹಳ ಮರ್ಯಾದೆಯಿಂದ ಅಲ್ಲೇ ಕೂರಿಸಿದಳು.

ಪಾಪ, ಒಳ್ಳೆಯ ಮನುಷ್ಯ. ಕಣ್ಣಲ್ಲಿ ನೀರು ಸುರಿಸಿಕೊಂಡು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದರು. ದಾಲ್ಯೆ ಅವರ ಮಾತು ಮುಗಿಯುವ ಮೊದಲೇ ಬೇಡ ಎಂದಳು. ಇನ್ನಿಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡು, ಧೈರ್ಯ ತಂದುಕೊಂಡು, ಬೇಡ ಎಂದರು. ನನ್ನ ಸರದಿ ಬಂತು.

"ಮಾಲ್ಸುನ್ ಅಜ್ಜಿ, ಈ ಕಡಲನ್ನ ತುಂಬಿಸೋಕೆ ನೀವು ಒಪ್ಪಿಗೆ ಕೊಡ್ತೀರಾ?"

ಅಕ್ಕ, ಈ ವಯಸ್ಸಿನವರೆಗೆ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಮದುವೆ ಮಾಡುವಾಗ ಅಪ್ಪ ಕೇಳಲಿಲ್ಲ. ಗಂಡನನ್ನು ಎಲ್ಲಿ ಹೂಳಬೇಕೆಂದು ಅವನ ಅಣ್ಣತಮ್ಮಂದಿರು ಕೇಳಲಿಲ್ಲ. ಬೊಂಗ್ಜಾಳನ್ನು ನನ್ನ ಬಾಗಿಲಲ್ಲಿ ಬಿಟ್ಟಾಗ ನೀನೂ ಕೇಳಲಿಲ್ಲ, ಅದಕ್ಕೆ ಮಾತ್ರ ನನಗೆ ಯಾವತ್ತೂ ಬೇಸರವಾಗಿಲ್ಲ. ಈಗ ಒಬ್ಬ ಜಿಲ್ಲಾಧಿಕಾರಿ ಹೊಗೆಯಲ್ಲಿ ಕುಳಿತು ನನ್ನನ್ನು ಕೇಳುತ್ತಿದ್ದರು, ಕೇಳಿ ಬಾಯಿಯನ್ನೇ ನೋಡುತ್ತಿದ್ದರು. ಅದು ಎಷ್ಟು ಹಿತವಾಗಿತ್ತೆಂದರೆ ಅಷ್ಟು ಬೇಗ ಮುಗಿಸಲು ನನಗೆ ಮನಸ್ಸೇ ಬರಲಿಲ್ಲ.

"ಯೋಚನೆ ಮಾಡ್ಬೇಕು," ಎಂದೆ. "ನಾಳೆ ಬಂದು ಕೇಳಿ."

ಬೊಂಗ್ಜಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು, ನಗುವಿಗೆ ಬೆನ್ನು ಕುಲುಕುತ್ತಿತ್ತು.

ಮರುದಿನವೂ ಬಂದರು. ಕಡಲಿನ ಇಳಿತ ಚೆನ್ನಾಗಿತ್ತು, ನಾನು ನೀರಿನಲ್ಲಿದ್ದೆ. ನಾನು ಎದ್ದು ಬರುವವರೆಗೂ ದಡದಲ್ಲಿ ನಿಂತು ಕಾದರು. ನಿಧಾನವಾಗಿ ಮೈ ಕಾಯಿಸಿಕೊಂಡೆ, ಅವರು ತಂದಿದ್ದ ಸೇಬೊಂದನ್ನು ತಿಂದೆ, ಬಾಯಿ ಒರೆಸಿಕೊಂಡೆ. ಈಗ ಕೇಳಿ ಎಂದೆ. ನನ್ನ ಹೆಸರು ಸಮೇತ ಮೊದಲಿನಿಂದ ಕೊನೆಯವರೆಗೆ ಪೂರ್ತಿ ಕೇಳಿದರು.

ಬೇಡ ಎಂದೆ.

ನಿನ್ನ
ಮಾಲ್ಸುನ್